ಆರನೇ ನಂಬರು

"ಆರನೇ ನಂಬರಿನವನು ಇವತ್ತೂ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಾನೆ," ಎಂದು ಕಡ್ಡಿಪೆಟ್ಟಿಗೆ ಮೇಜು ಗುದ್ದಿದ. ಅಕ್ಕನ ಲೋಟದ ಚಹಾ ತುಳುಕಿ ಕೀಬೋರ್ಡಿನ ಅಂಚಿಗೆ ಬಂದು ನಿಂತಿತು.

ಅವನ ಸಿಟ್ಟಿಗೆ ಗೀರುವುದೂ ಬೇಕಿರಲಿಲ್ಲ. ಅದಕ್ಕೇ ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವನಿಗೆ ಆ ಹೆಸರು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಕೆಳಮಹಡಿಯಲ್ಲಿ ಆರು ವರ್ಷ ಇಸ್ತ್ರಿ ತಿಕ್ಕಿ, ಊಟದ ಬಿಡುವಿನಲ್ಲಿ ಅಕ್ಕನ ಬೆನ್ನ ಹಿಂದೆ ನಿಂತು ಕಂಪ್ಯೂಟರಿನಲ್ಲಿ ಉಡುಪಿನ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬಿಡಿಸುವುದನ್ನು ಕಲಿತಿದ್ದ. ಅಕ್ಕ ಒಡಹುಟ್ಟಿದವಳಲ್ಲ, ಪ್ಯಾಟರ್ನ್ ಕೋಣೆಯ ಹಿರಿಯಳು, ಎಲ್ಲರಿಗೂ ಅಕ್ಕ.

ಕೋಣೆಯಲ್ಲಿ ಬಿಡಿಸುವವರು ಮೂವರು: ಅಕ್ಕ, ಕಡ್ಡಿಪೆಟ್ಟಿಗೆ, ಯಜಮಾನರ ಭಾವಮೈದ. ಸಾಫ್ಟ್‌ವೇರಿಗೆ ಲೈಸೆನ್ಸೂ ಮೂರೇ. ಒಂದೇ ಹೊತ್ತಿಗೆ ಮೂರು ಕಡೆ ತೆರೆಯಬಹುದು. ನಾಲ್ಕನೆಯವರ ಮುಖಕ್ಕೆ 'ಜಾಗವಿಲ್ಲ, ಕಾಯಿರಿ' ಎಂದು ಪರದೆ ಬಾಗಿಲು ಹಾಕುತ್ತದೆ. ಹದಿನೈದು ದಿನದ ಹಿಂದೆ ಭಾವಮೈದ ಯಜಮಾನರ ಕಂಪ್ಯೂಟರಿನಲ್ಲೂ ಅದನ್ನು ತೆರೆದಿಟ್ಟು ಊಟಕ್ಕೆ ಹೋಗಿಬಿಟ್ಟಿದ್ದ. ಒಂದು ಗಂಟೆ ಕಡ್ಡಿಪೆಟ್ಟಿಗೆಗೆ ಜಾಗವಿಲ್ಲ. ಅವನ ಕೂಗಾಟ ತಡೆಯಲಾರದೆ ಯಜಮಾನರು, "ಯಾರು ಎಷ್ಟು ಹೊತ್ತು ಬಳಸ್ತಾರೆ ಅಂತ ತೋರಿಸೋ ವರದಿ ಇದೆಯಂತೆ. ನೀನೇ ನೋಡ್ಕೋ, ಪುಣ್ಯಾತ್ಮ, ನನ್ನ ತಲೆ ತಿನ್ಬೇಡ," ಎಂದು ಪಾಸ್‌ವರ್ಡಿನ ಚೀಟಿ ಕೊಟ್ಟಿದ್ದರು.

ವರದಿಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಗೋಡೆಗೆ ಅಂಟಿಸಿದ್ದ ಪಟ್ಟಿಯ ಪ್ರಕಾರ ಮೊದಲನೆಯದು ಯಜಮಾನರದು, ಆಮೇಲೆ ಅಕ್ಕನದು, ಭಾವಮೈದನದು, ಅವನದು. ಐದನೆಯದು ಕೆಲಸ ಬಿಟ್ಟ ಹಳೇ ಮಾಸ್ಟರದು. ಪಟ್ಟಿ ಅಲ್ಲಿಗೆ ಮುಗಿದಿತ್ತು. ಆರನೆಯವನು ಮುಗಿದಿರಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ಜಾಗ ಹಿಡಿಯುತ್ತಿದ್ದ, ಒಂದು ಗುಂಡಿ ಕೂಡ ಬಿಡಿಸುತ್ತಿರಲಿಲ್ಲ.

"ನಿನ್ನೆ ನಾನು ಜ್ವರ ಅಂತ ಮಲಗಿದ್ದೆ. ನೋಡಕ್ಕ, ನಿನ್ನೆ ಅವನೂ ಬಂದಿಲ್ಲ," ಎಂದ ಕಡ್ಡಿಪೆಟ್ಟಿಗೆ. "ಅವನ ಹಗೆ ಇರೋದೇ ನನ್ನ ಮೇಲೆ. ನಾನಿಲ್ಲ ಅಂದ್ರೆ ಅವನಿಗೆ ಇಲ್ಲೇನೂ ಕೆಲಸವಿಲ್ಲ."

"ಹೂಂ, ನಿನ್ನೆ ನೆಮ್ಮದಿಯಾಗಿತ್ತು," ಎಂದಳು ಅಕ್ಕ.

"ಸ್ವಲ್ಪ ಹೊತ್ತು ಆ ವರದಿ ನೋಡೋದು ಬಿಟ್ಟು ಕೆಲಸ ಮಾಡಬಾರದೇನೋ?" ಎಂದ ಭಾವಮೈದ, ಅಂಗಿಯ ಹೆಗಲು ಸರಿಮಾಡಿಕೊಳ್ಳುತ್ತ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದ ಕಡ್ಡಿಪೆಟ್ಟಿಗೆ.

ಅಷ್ಟರಲ್ಲಿ ಯಜಮಾನರು ಬಂದರು. ವಾದ್ಯತಂಡವೊಂದಕ್ಕೆ ಶನಿವಾರ ನಲವತ್ತು ಕೋಟು ಕೊಡಬೇಕಿತ್ತು. ಮೈ ಅಕ್ಕನ ಪಾಲು, ಕಾಲರು ಭಾವಮೈದನ ಪಾಲು, ಎರಡೂ ಆಗಿದ್ದವು. ಕಡ್ಡಿಪೆಟ್ಟಿಗೆಯ ಪಾಲಿನ ತೋಳು ಮಾತ್ರ ಅರ್ಧಕ್ಕೇ ನಿಂತಿತ್ತು.

"ತೋಳಿಲ್ಲದ ಕೋಟು ಹಾಕ್ಕೊಂಡು ತುತ್ತೂರಿ ಊದ್ತಾರೇನೋ ಅವರು? ಗುರುವಾರ ಸಂಜೆಯೊಳಗೆ ತೋಳು ಬರಲಿಲ್ಲ ಅಂದ್ರೆ ನೀನು ಮತ್ತೆ ಕೆಳಗೆ, ಇಸ್ತ್ರಿಗೆ."

"ನನ್ನ ಜಾಗ ತಗೊಳ್ಳೋ," ಎಂದಳು ಅಕ್ಕ.

"ಭಿಕ್ಷೆ ಬೇಡಕ್ಕ. ನನ್ನ ಜಾಗ ನನಗೆ ಬೇಕು." ಅವನು ಯಜಮಾನರತ್ತ ತಿರುಗಿದ. "ಕಳ್ಳನನ್ನ ಹಿಡಿದುಕೊಟ್ರೆ?"

"ಅವನೇ ಇಸ್ತ್ರಿಗೆ ಹೋಗ್ತಾನೆ."

"ನಿಮ್ಮ ಭಾವಮೈದ ಆದ್ರೂ?"

"ನಮ್ಮಪ್ಪ ಆದ್ರೂ."

ಬಾಯಿಮಾತನ್ನು ಅವನು ನಂಬಲಿಲ್ಲ. ಹಾಳೆಯ ಮೇಲೆ ಬರೆಸಿದ: 'ಆರನೇ ನಂಬರಿನಲ್ಲಿ ಜಾಗ ಹಿಡಿದವರು ಯಾರೇ ಆಗಿರಲಿ, ಒಂದು ವರ್ಷ ಇಸ್ತ್ರಿ. ಕ್ಷಮೆ ಇಲ್ಲ.' ನಾಲ್ವರೂ ಸಹಿ ಮಾಡಿದರು. ಮೊದಲ ಸಹಿ ಅವನದು. ಒತ್ತಿದ ರಭಸಕ್ಕೆ ಹಾಳೆ ತೂತಾಯಿತು.

ಬುಧವಾರ ಕಾವಲು ಇಮ್ಮಡಿಯಾಯಿತು. ಬಾಗಿಲು ತೆರೆಯುವ ಹೊತ್ತಿಗೇ ಬಂದ ಕಡ್ಡಿಪೆಟ್ಟಿಗೆ ತನ್ನ ಕಂಪ್ಯೂಟರಲ್ಲದೆ ಉಗ್ರಾಣದ ಕಂಪ್ಯೂಟರಿನಲ್ಲೂ ವರದಿ ತೆರೆದಿಟ್ಟು, ಎರಡರ ನಡುವೆ ಬೋನಿನ ಹುಲಿಯಂತೆ ಓಡಾಡಿದ. ಆರನೆಯವನಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಅಂದು ಎರಡು ಜಾಗ ಹಿಡಿದು ಕೂತ. ಭಾವಮೈದನಿಗೂ 'ಜಾಗವಿಲ್ಲ' ಬಂತು. ಆತ ಸಂತೋಷವಾಗಿ ಕಾಲು ಚಾಚಿ, ಮುಖದ ಮೇಲೆ ಕರವಸ್ತ್ರ ಹಾಕಿಕೊಂಡ.

ಕಡ್ಡಿಪೆಟ್ಟಿಗೆಗೆ ತಲೆ ಗಿರ್ರೆಂದಿತು. ಹಿಡಿಯಬೇಕಾದ ಕಳ್ಳನೇ ಹೊರಗೆ ಬಿದ್ದು ಗೊರಕೆ ಹೊಡೆಯುತ್ತಿದ್ದಾನೆ. ಒಳಗಿರುವವಳು ಒಬ್ಬಳೇ.

"ಅಕ್ಕಾ... ನೀನೇನಾ?"

"ಹೌದಪ್ಪ. ಕೈ ಎರಡಿದಾವಲ್ಲ, ಅದಕ್ಕೇ ಎರಡು ಜಾಗ. ಹೋಗಿ ನೀರು ಕುಡಿ ಹೋಗು."

ಗುರುವಾರ ಮಧ್ಯಾಹ್ನ ಅವನೇ ಹಟ ಹಿಡಿದು ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿಸಿದ. ಎಲ್ಲರಿಗೂ ಕೇಳುವಂತೆ ಯಜಮಾನರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಕಡ್ಡಿಪೆಟ್ಟಿಗೆ ಒಂದು ಕೈಯಲ್ಲಿ ಸಹಿಯ ಹಾಳೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಬೆಳಗಿನಿಂದ ತೆರೆದೇ ಇದ್ದ ವರದಿಯ ಆರನೇ ಸಾಲಿನ ಮೇಲೆ ಊರಿ ನಿಂತ. ಕಣ್ಣು ಭಾವಮೈದನ ಮೇಲಿತ್ತು.

"ಆರನೇ ನಂಬರು ಯಾರದು ಹೇಳಮ್ಮ," ಎಂದ. "ಹೆಸರು ಹೇಳು. ದಾಕ್ಷಿಣ್ಯ ಬೇಡ."

"ಅದು ಮನುಷ್ಯರ ನಂಬರಲ್ಲ ಸರ್," ಎಂದಳು ಆ ಕಡೆಯ ಹುಡುಗಿ. "ಯಾರು ಎಷ್ಟು ಬಳಸ್ತಾರೆ ಅಂತ ತೋರಿಸೋ ವರದಿ ಇದೆಯಲ್ಲ, ಅದರದ್ದು. ಅದು ಎಷ್ಟು ಹೊತ್ತು ತೆರೆದಿರುತ್ತೋ ಅಷ್ಟು ಹೊತ್ತೂ ಒಂದು ಲೈಸೆನ್ಸ್ ಹಿಡ್ಕೊಂಡಿರುತ್ತೆ. ಒಂದು ಸಲ ನೋಡಿ ಮುಚ್ಚಿಬಿಡಬೇಕು ಸರ್. ದಿನವಿಡೀ ತೆರೆದಿಟ್ಟುಕೊಂಡು ಯಾರು ಕೂತಿರ್ತಾರೆ?"

ಯಜಮಾನರು ಕೈಚಾಚಿ ವರದಿ ಮುಚ್ಚಿದರು. ಅದರ ಹಿಂದಿದ್ದ 'ಜಾಗವಿಲ್ಲ, ಕಾಯಿರಿ' ಮಾಯವಾಗಿ, ಹದಿನೈದು ದಿನದಿಂದ ಕಾಯುತ್ತಿದ್ದ ಕೋಟಿನ ಅರ್ಧ ತೋಳು ಪರದೆಯ ತುಂಬ ಚಾಚಿಕೊಂಡಿತು.

ಅಕ್ಕ ಕೆಳಗಿಳಿದು ಹೋಗಿ ಇಸ್ತ್ರಿಯ ಸ್ವಿಚ್ ಹಾಕಿದಳು.