ದಪ್ಪ ವೈರು

ವೆಲ್ಡಿಂಗ್ ಮಷೀನು ಮನೆಗೆ ಬಂದ ದಿನ ವನಜಾಕ್ಷಿಯ ಗಂಡ ಅದನ್ನು ಅಡುಗೆಮನೆಯ ಮಿಕ್ಸಿ ಸಾಕೆಟ್ಟಿಗೇ ಸಿಕ್ಕಿಸಿದ. ಸಾಕೆಟ್ಟು ಕರಗಿ ಮನೆಯೆಲ್ಲ ಸುಟ್ಟ ವಾಸನೆ. ಅವತ್ತಿನಿಂದ ಮಷೀನು ಹೊತ್ತುಕೊಂಡು ಎದುರುಮನೆಯ ಚಂಪಾಳ ಶೆಡ್ಡಿಗೆ ಹೋಗತೊಡಗಿದ. ಅಲ್ಲಿ ಹಿಂದೆ ಹಿಟ್ಟಿನ ಗಿರಣಿ ಇತ್ತು, ಕರೆಂಟಿನ ಲೈನು ಗಟ್ಟಿ.

"ಆ ಬೆಳಕಿನ ಕಡೆ ನೋಡ್ಬೇಡ, ಕಣ್ಣು ಹಾಳಾಗತ್ತೆ" ಎಂದು ಹೆಂಡತಿಗೆ ಹೇಳಿದ್ದ. ಹಾಗಾಗಿ ಅವಳು ಕಿಟಕಿ ಮುಚ್ಚಿಕೊಂಡು, ಶೆಡ್ಡಿನಿಂದ ಬರುವ ನಗುವನ್ನಷ್ಟೇ ಕೇಳುತ್ತ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಗೇಟು ಬೆಸೆಯುವುದರಲ್ಲಿ ಅಷ್ಟೊಂದು ನಗುವಂಥದ್ದೇನಿದೆ?

ಕೊನೆಗೊಂದು ದಿನ ಗಂಡ ಊರಲ್ಲಿಲ್ಲದಾಗ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು.

"ಮೀಟರ್ ಬೋರ್ಡಿಂದ ಬೇರೆ ದಪ್ಪ ವೈರು ಎಳೀಬೇಕಕ್ಕ. ಅದಕ್ಕೇ ಅಂತ ಒಂದು ಎಂಸಿಬಿ, ದೊಡ್ಡ ಸಾಕೆಟ್ಟು. ಅರ್ತಿಂಗ್ ಅಂತೂ ಬೇಕೇ ಬೇಕು."

"ಎಲ್ಲಾ ಹಾಕಪ್ಪ. ಮಷೀನು ಇನ್ನು ನಮ್ಮ ಕಾಂಪೌಂಡು ದಾಟಬಾರದು."

ಸಂಜೆ ಬಂದ ಗಂಡ ಜಗಲಿಯಲ್ಲಿ ಹೊಸ ಸಾಕೆಟ್ಟು ಕಂಡು ನಿಂತುಬಿಟ್ಟ. ಈಗ ಇವನ ಮುಖ ಹುಳ್ಳಗಾಗುತ್ತದೆ ಎಂದು ವನಜಾಕ್ಷಿ ಕಾದಳು. ಅವನೋ ಹಿಗ್ಗಿ ಹೀರೇಕಾಯಿಯಾಗಿ ಬೀದಿಗೆ ಓಡಿ, ಎದುರುಮನೆಯತ್ತ ಕೂಗಿದ:

"ಚಂಪಾ, ನಾಳೆಯಿಂದ ನೀನೇ ಇಲ್ಲಿಗೆ ಬಂದ್ಬಿಡು! ಯಾವತ್ತಿನ ಹಾಗೆ ವೆಲ್ಡಿಂಗು ನಿಂದು, ಗೇಟು ಹಿಡ್ಕೊಳ್ಳೋದು ನಂದು. ಮಧ್ಯಾಹ್ನದ ಊಟ ಇನ್ಮೇಲೆ ನಮ್ಮ ವನಜಂದು!"