ಅಜ್ಜಿಯ ಡಬ್ಬಿಗೆ ಬಂದ ಮಾತ್ರೆ

ಎಷ್ಟು ಉಳಿದಿವೆಯೆಂದು ಎಣಿಸಲು ಅಂಗೈಗೆ ಸುರುವಿಕೊಂಡ ಏಳು ನಿದ್ದೆಮಾತ್ರೆಗಳಲ್ಲಿ ಒಂದು ತನ್ನದಲ್ಲವೆಂದು ಅಜ್ಜಿಗೆ ಕೂಡಲೇ ಗೊತ್ತಾಯಿತು. ನಲವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದ ಬೆರಳು ಸುಮ್ಮನಿರುತ್ತದೆಯೇ? ಬಣ್ಣ ಅದೇ, ಗಾತ್ರ ಅದೇ. ನಡುವಿನ ಗೆರೆ ಮಾತ್ರ ಕೂದಲೆಳೆಯಷ್ಟು ಸೊಟ್ಟ. ಮಾತ್ರೆಯ ಪಟ್ಟಿಯಿಂದ ದಿನಾ ಒತ್ತಿ ತೆಗೆಯುವ ರಗಳೆ ಬೇಡವೆಂದು ಎಲ್ಲವನ್ನೂ ಬಿಡಿಸಿ ಡಬ್ಬಿಗೆ ತುಂಬಿಡುವುದು ಅವಳ ಅಭ್ಯಾಸ.

ಓದುತ್ತ ಕುಳಿತಿದ್ದ ಮೊಮ್ಮಗಳನ್ನು ಕರೆದು ಕೇಳಿದಳು. ಹುಡುಗಿ ಮೊದಲು ಸೂರು ನೋಡಿದಳು, ಆಮೇಲೆ ಬಾಯಿಬಿಟ್ಟಳು. ಹೋದ ವಾರ ಪರೀಕ್ಷೆಯ ಭಯಕ್ಕೆ ನಿದ್ದೆ ಬಾರದೆ ಒದ್ದಾಡುತ್ತಿದ್ದಾಗ ಅಜ್ಜಿಯೇ ತನ್ನದೊಂದು ಮಾತ್ರೆ ಕೊಟ್ಟಿದ್ದಳು. ಅಜ್ಜಿಗೆ ತಿಂಗಳ ಕೊನೆಗೆ ಒಂದು ಕಮ್ಮಿ ಬೀಳುತ್ತದಲ್ಲ ಎಂದು ಹುಡುಗಿ ಗೆಳತಿಯಿಂದ ಒಂದು ಇಸಿದುಕೊಂಡು ಡಬ್ಬಿಗೆ ಹಾಕಿದ್ದಳು. ಗೆಳತಿ ಫೋನಿನಲ್ಲಿ ಯಾರಿಂದಲೋ ತರಿಸಿದ್ದಂತೆ. ಅಜ್ಜಿಗೆ ತಕ್ಕ ಮೊಮ್ಮಗಳು. ಪ್ರೀತಿ ಉಕ್ಕಿದಾಗ ಇಬ್ಬರ ಬುದ್ಧಿಯೂ ತಿರುಗಾಡಲು ಹೋಗಿರುತ್ತದೆ.

"ನೀನು ಇದನ್ನ ನುಂಗಿದ್ಯಾ?"

"ಇಲ್ಲ ಅಜ್ಜಿ. ನಿನಗೋಸ್ಕರ ಒಂದೇ ಒಂದು ತಂದಿದ್ದು."

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಸಿಟ್ಟೂ ಬಂತು, ಮುದ್ದೂ ಬಂತು. ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯದೆ ಚಪ್ಪಲಿ ಮೆಟ್ಟಿ, ಅವಳ ಕೈ ಹಿಡಿದು ರಸ್ತೆಯ ತುದಿಯ ಔಷಧದಂಗಡಿಗೆ ನಡೆದಳು.

ಅಂಗಡಿಯವನು ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಇದು ಅಸಲಿಯಲ್ಲ, ಒಳಗೆ ಏನು ಬೆರೆಸಿದ್ದಾರೋ ದೇವರಿಗೇ ಗೊತ್ತು, ಉಸಿರು ನಿಲ್ಲಿಸಲು ಇಂಥದ್ದೊಂದು ಸಾಕು ಎಂದ. ಅಸಲಿಯೇ ಆದರೂ ವೈದ್ಯರು ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗಬಾರದೆಂದು ಹುಡುಗಿಯತ್ತ ಕಣ್ಣು ಬಿಟ್ಟ. ತಲೆ ತಗ್ಗಿಸಿದವಳು ಅಜ್ಜಿ.

ಹೊರಗೆ ಬಂದಾಗ ಹುಡುಗಿಯ ಮುಖ ಸಣ್ಣದಾಗಿತ್ತು. "ಆ ಗೆಳತಿ ಹತ್ರ ಇನ್ನೂ ಇದೆ ಅಜ್ಜಿ. ನಾಳೆ ಪರೀಕ್ಷೆ ಅಂತ ಇವತ್ತು ತಗೋತಾಳೆ. ನಾನು ಬೇಡ ಅಂದ್ರೆ, ನೀನೂ ನಿಮ್ಮಜ್ಜಿದು ತಗೊಂಡಿದ್ಯಲ್ಲ ಅಂತ ಬಾಯಿ ಮುಚ್ಚಿಸ್ತಾಳೆ."

ಅಜ್ಜಿ ಅಲ್ಲೇ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಆ ಗೆಳತಿಗೆ ಫೋನ್ ಮಾಡಿಸಿದಳು. ಆ ಕಡೆ ಗೆಳತಿಯ ದನಿ ಕೇಳಿದ ಮೇಲೇ ಅಜ್ಜಿಯ ಉಸಿರು ಸಡಿಲವಾಯಿತು.

"ಮಗಾ, ನಾನು ಇವಳ ಅಜ್ಜಿ. ಆ ಮಾತ್ರೆ ನಕಲಿ, ನುಂಗಬೇಡ, ಎಲ್ಲಾನೂ ಹಾಗೇ ಇಟ್ಟುಕೊಂಡಿರು. ಈಗಲೇ ಬರ್ತಿದೀನಿ. ನಿನ್ನ ಬೈಯೋಕಲ್ಲ ಕಣೆ, ನಾನು ಮಾಡಿದ ತಪ್ಪು ಹೇಳೋಕೆ."