ಅವ್ವನ ಎದೆ

ಹೊಸ ಡಾಕ್ಟರುಗಳು ತರಬೇತಿಗೆ ಜಿಲ್ಲೆ ಆರಿಸಿಕೊಂಡ ಕೂಡಲೇ ಆ ಜಿಲ್ಲೆಯವರ ನೋವೆಲ್ಲ ಅವರ ಮೈಗೆ ಇಳಿಯುತ್ತಿತ್ತು. ಅದಕ್ಕೇ ಕೌನ್ಸೆಲಿಂಗ್ ಹಾಲಿನಲ್ಲಿ ಎಲ್ಲರೂ ಉಳ್ಳವರ ಜಿಲ್ಲೆಗಳಿಗೆ ಮುಗಿಬೀಳುತ್ತಿದ್ದರು. ಕಲ್ಲುಗಣಿಗಳ ಜಿಲ್ಲೆಗೆ ವರ್ಷಗಳಿಂದ ಡಾಕ್ಟರೇ ಇರಲಿಲ್ಲ.

ಹೊಸ ಡಾಕ್ಟರು ಹುಲಿಗೆಮ್ಮ ಆ ಜಿಲ್ಲೆಯನ್ನೇ ಕೇಳಿಕೊಂಡಳು.

"ತಲಿ ಕೆಟ್ಟದೇನು ನಿಂಗ? ಎದಿ ಹರದು ಹೋಗ್ತದ," ಎಂದ ಗೆಳೆಯ ಸಾದಿಕ್.

"ನಮ್ಮವ್ವ ಅಲ್ಲೇ ಕಲ್ಲು ಒಡೀತಾಳ. ಏನಾದ್ರೂ ಬಾಯಿ ಬಿಡಂಗಿಲ್ಲ. ಅಕಿ ನೋವಾದ್ರೂ ನನ್ನ ಕೂಡ ಇರಲಿ."

ಅಧಿಕಾರಿ ಅವಳ ಮಣಿಕಟ್ಟಿಗೆ ಆ ಜಿಲ್ಲೆಯ ಹೆಸರಿನ ಪಟ್ಟಿ ಕಟ್ಟಿದ. ಸಾವಿರಾರು ಎದೆಗಳ ಕಲ್ಲುಧೂಳು ಒಮ್ಮೆಲೇ ಅವಳ ಎದೆಗಿಳಿಯಿತು. ಗೋಡೆಗೊರಗಿ, ಅದರಲ್ಲಿ ಅವ್ವನದು ಯಾವುದೆಂದು ಹುಡುಕಿದಳು. ತಿಳಿಯಲಿಲ್ಲ. ಫೋನು ಹಚ್ಚಿದಳು.

"ನಂಗೇನಾಗ್ಯದ ಮಗಳ, ಆರಾಮ ಅದೀನಿ," ಎಂದಳು ಅವ್ವ.

"ಅದನ್ನ ನಾ ಕೇಳಿಲ್ಲ. ಒಂದ್ಸಲ ಕೆಮ್ಮು ಯವ್ವಾ, ನಿನ್ನ ನೋವು ಯಾವುದಂತ ಗುರುತು ಹಿಡೀತೀನಿ."